ಐದು ಅಡಿಯ ತೊಟ್ಟಿಯಲ್ಲಿ ಒಂದು ಸಾವು: ಹರ್ನ್ ಬೇ, 1912

1912ರ ಜುಲೈ 13, ಶನಿವಾರ. ಇಂಗ್ಲೆಂಡಿನ ಕೆಂಟ್ ಕರಾವಳಿಯ ಹರ್ನ್ ಬೇ ಎಂಬ ಸಣ್ಣ ಊರು. ಬೆಳಿಗ್ಗೆ ಎಂಟರ ಹೊತ್ತಿಗೆ ಡಾ. ಫ್ರೆಂಚ್ ಅವರ ಮನೆಗೆ ಒಂದು ಚೀಟಿ ಬಂತು. ತಕ್ಷಣ ಬನ್ನಿ, ನನ್ನ ಹೆಂಡತಿ ತೀರಿಕೊಂಡಿರಬೇಕು ಎಂಬುದು ಅದರ ತಾತ್ಪರ್ಯ. ಹೈಸ್ಟ್ರೀಟಿನ 80ನೇ ನಂಬರಿನ ಮನೆಗೆ ಹೋಗಿ ನೋಡಿದರೆ, ಬೆಸ್ಸಿ ಎಂಬಾಕೆ ಸ್ನಾನದ ತೊಟ್ಟಿಯಲ್ಲಿ ಅಂಗಾತ ಮಲಗಿದ್ದಳು. ತಲೆ ನೀರಿನ ಒಳಗಿತ್ತು. ಕಾಲುಗಳು ನೇರವಾಗಿ ಚಾಚಿದ್ದವು, ಪಾದಗಳು ನೀರಿನಿಂದ ಹೊರಗಿದ್ದವು. ಬಲಗೈಯಲ್ಲಿ ಒಂದು ಸೋಪಿನ ತುಂಡು ಬಿಗಿಯಾಗಿ ಹಿಡಿದಂತೆಯೇ ಇತ್ತು.

ಫ್ರೆಂಚ್ ಅವರಿಗೆ ಆಶ್ಚರ್ಯವಾಗಲಿಲ್ಲ. ಮೂರು ದಿನ ಮುಂಚೆ ಗಂಡ ಆಕೆಯನ್ನು ಅವರ ಬಳಿ ಕರೆತಂದು, ಇವಳಿಗೆ ಫಿಟ್ಸ್ ಬಂದಿತ್ತು ಎಂದು ಹೇಳಿದ್ದ. ಆಕೆಗೆ ತಲೆನೋವಿನ ಹೊರತು ಬೇರೇನೂ ನೆನಪಿರಲಿಲ್ಲ. ಫ್ರೆಂಚ್ ಫಿಟ್ಸ್‌ಗೆ ಅಂದು ಕೊಡುತ್ತಿದ್ದ ಪೊಟ್ಯಾಸಿಯಂ ಬ್ರೋಮೈಡ್ ಬರೆದುಕೊಟ್ಟಿದ್ದರು. ಸಾವಿನ ಹಿಂದಿನ ದಿನವೂ ಅವರನ್ನು ಮನೆಗೆ ಕರೆಸಲಾಗಿತ್ತು. ಹೀಗಾಗಿ ಸೋಮವಾರ ಕರೋನರ್ (ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ) ವಿಚಾರಣೆ ನಡೆದಾಗ ತೀರ್ಮಾನ ಸಲೀಸಾಗಿ ಬಂತು: ಸ್ನಾನ ಮಾಡುವಾಗ ಮೂರ್ಛೆ ಬಂದು, ನೀರಿನಲ್ಲಿ ಮುಳುಗಿ, ಆಕಸ್ಮಿಕವಾಗಿ ಸಾವು. ಶವಪರೀಕ್ಷೆ ನಡೆಯಲಿಲ್ಲ. ತೊಟ್ಟಿಯನ್ನು ಯಾರೂ ಅಳೆಯಲಿಲ್ಲ. ಶವವನ್ನು ಹೂಳಲಾಯಿತು. ತೊಟ್ಟಿಗೆ ಕಾಸು ಕೊಡದೆ ಗಂಡ ಅದನ್ನು ಕಬ್ಬಿಣದ ಅಂಗಡಿಗೆ ವಾಪಸು ಕಳಿಸಿದ.

ಫ್ರೆಂಚ್ ಹೇಳಿದ ಸಾವಿನ ಕಾರಣ ತಪ್ಪಾಗಿರಲಿಲ್ಲ ಎಂಬುದನ್ನು ಮೊದಲೇ ಗಮನಿಸಬೇಕು. ಆಕೆ ಸತ್ತದ್ದು ನೀರಿನಲ್ಲೇ. ತಪ್ಪಿದ್ದು ಅದರ ಹಿಂದಿನ ಕೊಂಡಿ, ಆಕೆಯ ತಲೆ ನೀರಿನ ಒಳಗೆ ಹೋದದ್ದು ಹೇಗೆ ಎಂಬುದು. ಸಾವಿನ ಕಾರಣ, ಸಾವು ಸಂಭವಿಸಿದ ಕ್ರಿಯೆ, ಸಾವಿನ ಬಗೆ ಇವು ಮೂರೂ ಬೇರೆ ಬೇರೆ. ನೀರಿನಲ್ಲಿ ಮುಳುಗುವಿಕೆ ಎಂಬುದು ಕಾರಣ. ನೀರು ಶ್ವಾಸಕೋಶಕ್ಕೆ ತುಂಬಿ ಆಮ್ಲಜನಕ ತಪ್ಪಿತೋ, ಅಥವಾ ನರದ ಪ್ರತಿಕ್ರಿಯೆಯಿಂದ ಹೃದಯ ತಟ್ಟನೆ ನಿಂತಿತೋ ಎಂಬುದು ಕ್ರಿಯೆ. ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬುದು ಬಗೆ. ಮೇಜಿನ ಮೇಲಿರುವ ಶವ ಮೊದಲನೆಯದನ್ನು ಸಾಕಷ್ಟು ಸ್ಪಷ್ಟವಾಗಿ ಹೇಳಬಲ್ಲದು, ಎರಡನೆಯದನ್ನು ಕೆಲವೊಮ್ಮೆ, ಮೂರನೆಯದನ್ನು ಒಂಟಿಯಾಗಿ ಬಲು ಅಪರೂಪಕ್ಕೆ. ಫ್ರೆಂಚ್ ಮೂರಕ್ಕೂ ಉತ್ತರ ಪಡೆದದ್ದು ಒಬ್ಬನೇ ಸಾಕ್ಷಿಯಿಂದ. ಆ ಸಾಕ್ಷಿ ಗಂಡ.

ಇನ್ನೆರಡು ತೊಟ್ಟಿಗಳು

ಗಂಡನ ನಿಜವಾದ ಹೆಸರು ಜಾರ್ಜ್ ಜೋಸೆಫ್ ಸ್ಮಿತ್. ಹರ್ನ್ ಬೇಯಲ್ಲಿ ಅವನು ಹೆನ್ರಿ ವಿಲಿಯಮ್ಸ್ ಎಂದು ಹೇಳಿಕೊಂಡಿದ್ದ. ಬೆಸ್ಸಿ ಮಂಡಿಯ ಹೆಸರಿನಲ್ಲಿ ಸುಮಾರು 2,500 ಪೌಂಡಿನ ಆಸ್ತಿ ಇತ್ತು, ಆದರೆ ಅದು ಟ್ರಸ್ಟಿನ ಕೈಯಲ್ಲಿದ್ದುದರಿಂದ ಆಕೆ ಬದುಕಿರುವವರೆಗೆ ಅಸಲು ಅವನ ಕೈಗೆ ಸಿಗುವಂತಿರಲಿಲ್ಲ. ಜುಲೈ 8ಕ್ಕೆ ಇಬ್ಬರೂ ಪರಸ್ಪರರ ಹೆಸರಿಗೆ ವಿಲ್ ಬರೆದರು. ಮರುದಿನ ಅವನು ತೊಟ್ಟಿ ಕೊಳ್ಳಲು ಹೋಗಿ, 2 ಪೌಂಡಿನ ಬೆಲೆಯನ್ನು 1 ಪೌಂಡ್ 17 ಶಿಲ್ಲಿಂಗ್ 6 ಪೆನ್ಸ್‌ಗೆ ಚೌಕಾಸಿ ಮಾಡಿ ಇಳಿಸಿದ. ಅದಕ್ಕೆ ನಲ್ಲಿ ಇರಲಿಲ್ಲ, ಬಕೆಟ್ಟಿನಲ್ಲಿ ನೀರು ಹೊತ್ತು ತುಂಬಬೇಕಿತ್ತು.

1913ರ ಡಿಸೆಂಬರ್ 12ರಂದು ಬ್ಲ್ಯಾಕ್‌ಪೂಲಿನ ಒಂದು ಬಾಡಿಗೆ ಮನೆಯಲ್ಲಿ ಆಲಿಸ್ ಬರ್ನ್‌ಹ್ಯಾಮ್ ತೊಟ್ಟಿಯಲ್ಲಿ ಸತ್ತಳು. ಮದುವೆಯಾಗಿ ಐದು ವಾರ ಕಳೆದಿತ್ತಷ್ಟೆ, ಜೀವವಿಮೆ 500 ಪೌಂಡ್. ತೊಟ್ಟಿಯ ನೀರು ಕೆಳಗಿನ ಅಡುಗೆಮನೆಯ ಸೂರಿನಿಂದ ತೊಟ್ಟಿಕ್ಕಿದ್ದನ್ನು ಮನೆಯವರು ಕಂಡಿದ್ದರು. 1914ರ ಡಿಸೆಂಬರ್ 18ರಂದು ಲಂಡನ್ನಿನ ಹೈಗೇಟ್‌ನಲ್ಲಿ ಮಾರ್ಗರೆಟ್ ಲಾಫ್ಟಿ ಸತ್ತಳು. ಅವಳ ವಿಮೆ 700 ಪೌಂಡ್, ಮದುವೆಯಾದದ್ದು ಹಿಂದಿನ ದಿನ. ಪ್ರತಿ ಸಲವೂ ಸಾವಿಗೆ ಮುಂಚೆ ಹೆಂಡತಿಯನ್ನು ಯಾವುದೋ ನೆಪದಲ್ಲಿ ವೈದ್ಯರಿಗೆ ತೋರಿಸಲಾಗಿತ್ತು. ಪ್ರತಿ ಸಲವೂ ಬಚ್ಚಲಿನ ಬಾಗಿಲಿಗೆ ಒಳಚಿಲಕ ಬಿದ್ದಿರಲಿಲ್ಲ. ಬ್ಲ್ಯಾಕ್‌ಪೂಲಿನಲ್ಲಿ ಗಂಡ ಮೊಟ್ಟೆ ಹಿಡಿದುಕೊಂಡು ಬಂದ, ಹೈಗೇಟ್‌ನಲ್ಲಿ ಟೊಮ್ಯಾಟೊ ತರಲು ಹೋಗಿದ್ದ. ಲಾಫ್ಟಿಯ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಆಲಿಸಳ ತಂದೆ ಅದನ್ನು ಓದಿ ಗುರುತು ಹಿಡಿದರು. ಲಂಡನ್ನಿನ ಡಿಟೆಕ್ಟಿವ್ ಇನ್ಸ್‌ಪೆಕ್ಟರ್ ಆರ್ಥರ್ ನೀಲ್ ತನಿಖೆ ಹಿಡಿದರು. 1915ರ ಫೆಬ್ರವರಿ 1ರಂದು ಬಂಧನವಾಯಿತು.

ಅದೇ ತಿಂಗಳು ಮೂರೂ ಶವಗಳನ್ನು ಹೂಳಿದ ಜಾಗದಿಂದ ಹೊರತೆಗೆಯಲಾಯಿತು. ಪರೀಕ್ಷೆ ಮಾಡಿದವರು ಸರ್ಕಾರದ ರೋಗಶಾಸ್ತ್ರಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ. ವಿಷದ ಕೋನದಿಂದ ನೋಡಿದವರು ವಿಲಿಯಂ ವಿಲ್ಕಾಕ್ಸ್.

ಎರಡೂವರೆ ವರ್ಷದ ನಂತರ ಶವದಲ್ಲಿ ಏನು ಉಳಿದಿರುತ್ತದೆ

ಹೊಸ ಶವದಲ್ಲಾದರೆ ನೀರಿನಲ್ಲಿ ಮುಳುಗಿದ ಗುರುತುಗಳನ್ನು ಹುಡುಕುವುದು ಹೀಗೆ. ಮೂಗು ಬಾಯಲ್ಲಿ ಬಿಳಿಯ, ಒಮ್ಮೊಮ್ಮೆ ನಸುಗೆಂಪಿನ, ಸಣ್ಣ ಗುಳ್ಳೆಗಳ ಅಂಟು ನೊರೆ. ಒರೆಸಿದರೂ ಎದೆಯನ್ನು ಒತ್ತಿದರೆ ಮತ್ತೆ ಬರುತ್ತದೆ, ಶ್ವಾಸನಾಳ ಸೀಳಿದರೆ ಒಳಗೂ ಅದೇ. ಎದೆ ತೆರೆದಾಗ ಶ್ವಾಸಕೋಶಗಳು ಉಬ್ಬಿ ಮಧ್ಯದಲ್ಲಿ ಒಂದನ್ನೊಂದು ಮುಟ್ಟುತ್ತವೆ, ಹೃದಯವನ್ನು ಮುಚ್ಚುತ್ತವೆ, ಮೇಲ್ಮೈಯಲ್ಲಿ ಪಕ್ಕೆಲುಬುಗಳ ಅಚ್ಚು ಬಿದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ನಿಲ್ಲುತ್ತದೆ. ಕುಯ್ದಾಗ ನೊರೆ ನೀರು ಸುರಿಯುತ್ತದೆ. ಎರಡೂ ಸೇರಿ ತೂಕ ಸಾಮಾನ್ಯವಾಗಿ 1,000 ಗ್ರಾಂ ದಾಟುತ್ತದೆ. ಹೊಟ್ಟೆಯಲ್ಲಿ, ಸಣ್ಣಕರುಳಿನ ಮೊದಲ ಭಾಗದಲ್ಲಿ, ಮೂಗಿನ ಹಿಂದಿನ ಸ್ಫೀನಾಯ್ಡ್ ಕುಹರದಲ್ಲಿ ನೀರು ಸಿಗಬಹುದು. ಅಂಗೈ ಅಂಗಾಲಿನ ಚರ್ಮ ಬಿಳಚಿ ನಿರಿಗೆಗಟ್ಟಿರುತ್ತದೆ. ಆದರೆ ಇದು ಶವ ನೀರಿನಲ್ಲಿ ಇತ್ತು ಎಂದಷ್ಟೇ ಹೇಳುತ್ತದೆ. ಸತ್ತ ಮೇಲೆ ನೀರಿಗೆ ಹಾಕಿದರೂ ಬರುತ್ತದೆ.

ಇವುಗಳಲ್ಲಿ ಒಂದೂ ಮುಳುಗಿದ್ದಕ್ಕೇ ಮೀಸಲಾದ ಗುರುತಲ್ಲ. ನೊರೆ ಮತ್ತು ಭಾರವಾದ ಶ್ವಾಸಕೋಶ ಹೃದಯಾಘಾತದಲ್ಲಿ, ಅಫೀಮಿನ ವಿಷದಲ್ಲಿ, ಸ್ವತಃ ಮೂರ್ಛೆರೋಗದ ಸಾವಿನಲ್ಲೂ ಕಾಣುತ್ತವೆ. ಹಳ್ಳಿಗಾಡಿನಲ್ಲಿ ಆರ್ಗನೋಫಾಸ್ಫರಸ್ ಕೀಟನಾಶಕ ಕುಡಿದು ಬಾವಿಯ ಕಟ್ಟೆಯ ಮೇಲೆ ಸತ್ತವನ ಬಾಯಲ್ಲೂ ನೊರೆ ಇರುತ್ತದೆ. ಅದಕ್ಕೇ ಮುಳುಗಿದ ಸಾವು ಎಂಬುದು ಉಳಿದ ಕಾರಣಗಳನ್ನು ಒಂದೊಂದಾಗಿ ಬದಿಗಿಟ್ಟ ಮೇಲೆ, ಸ್ಥಳದ ಸಂಗತಿಗಳ ಜತೆ ಸೇರಿಸಿ ತಲುಪುವ ತೀರ್ಮಾನ.

ಈಗ ಬೆಸ್ಸಿಯ ಶವಕ್ಕೆ ಬನ್ನಿ. 1912ರ ಜುಲೈಯಿಂದ 1915ರ ಫೆಬ್ರವರಿ, ಅಂದರೆ ಎರಡು ವರ್ಷ ಏಳು ತಿಂಗಳು ಮಣ್ಣಿನಡಿ. ಅಷ್ಟು ಹೊತ್ತಿಗೆ ನೊರೆ, ಶ್ವಾಸಕೋಶದ ಉಬ್ಬು, ತೂಕ ಎಲ್ಲಾ ಕರಗಿಹೋಗಿರುತ್ತವೆ. ಕೊಳೆತಾಗ ಶ್ವಾಸಕೋಶದ ನೀರು ಎದೆಗೂಡಿನೊಳಗೆ ಸೋರಿ ಅಂಗವೇ ಕುಗ್ಗುತ್ತದೆ. ಉಳಿಯಬಲ್ಲದ್ದು ಎಲುಬು, ಹಲ್ಲು, ಒಮ್ಮೊಮ್ಮೆ ಚರ್ಮದ ತುಂಡು, ಕೆಲವು ಲೋಹದ ವಿಷಗಳು. ಮೂಳೆ ಮುರಿತವಾಗಲಿ ವಿಷದ ಕುರುಹಾಗಲಿ ಸಿಗಲಿಲ್ಲ. ಸಿಕ್ಕಿದ್ದು ತೊಡೆ ಮತ್ತು ಹೊಟ್ಟೆಯ ಚರ್ಮದ ಮೇಲಿನ ರೋಮಾಂಚನದ ಗುರುತು, ಚಳಿಗೆ ನವಿರೇಳುತ್ತದಲ್ಲ ಅಂಥದ್ದು. ಏಳು ವಾರವಷ್ಟೇ, ಅದೂ ಚಳಿಗಾಲದಲ್ಲಿ ಹೂತಿದ್ದ ಲಾಫ್ಟಿಯ ಶವದಲ್ಲಿ ಹೆಚ್ಚು ಸಂಗತಿ ಉಳಿದಿತ್ತು: ಹೃದಯದಲ್ಲಿ ರೋಗವಿಲ್ಲ, ಎಡ ಮೊಣಕೈಯ ಹತ್ತಿರ ಸಣ್ಣ ಕಂದುಗಾಯ.

ಇಷ್ಟರ ಮೇಲೆ ಕೊಲೆ ಎಂದು ಹೇಳಲು ಸಾಧ್ಯವೇ? ಇಲ್ಲ. ಸ್ಪಿಲ್ಸ್‌ಬರಿ ಕೂಡ ಶವದಿಂದ ಹಾಗೆ ಹೇಳಲಿಲ್ಲ. ಅವರು ಹಿಡಿದ ದಾರಿ ಬೇರೆ. ಗಂಡ ಕೊಟ್ಟ ವಿವರಣೆ ನಿಜವಾಗಿದ್ದರೆ ಶವ ಯಾವ ಭಂಗಿಯಲ್ಲಿ ಸಿಗಬೇಕಿತ್ತು, ಸಿಕ್ಕಿದ್ದು ಯಾವ ಭಂಗಿಯಲ್ಲಿ ಎಂದು ಕೇಳಿದರು.

ಮೂರ್ಛೆಯ ವಾದವನ್ನು ತೊಟ್ಟಿಯೊಳಗೆ ಇಟ್ಟು ನೋಡಿದಾಗ

ತೊಟ್ಟಿಯ ಉದ್ದ 5 ಅಡಿ, ಸುಮಾರು 152 ಸೆಂಟಿಮೀಟರ್. ಬೆಸ್ಸಿಯ ಎತ್ತರ 5 ಅಡಿ 7 ಇಂಚು, 170 ಸೆಂಟಿಮೀಟರ್. ತೊಟ್ಟಿಯ ತಲೆಯ ಕಡೆ ಇಳಿಜಾರು, ಒರಗಿ ಕೂರಲು. ಕಾಲಿನ ಕಡೆ ಕಿರಿದು. ಇಂಥ ತೊಟ್ಟಿಯಲ್ಲಿ ಆ ಎತ್ತರದವಳು ಮೊಣಕಾಲು ಮಡಚಿಯೇ ಕೂರಬೇಕು.

ದೊಡ್ಡ ಮೂರ್ಛೆ ಬಂದಾಗ ಮೊದಲ ಹಂತದಲ್ಲಿ ಇಡೀ ಮೈ ಮರದ ಕೊರಡಿನಂತೆ ಸೆಟೆಯುತ್ತದೆ, ಕೈಕಾಲು ಚಾಚುತ್ತವೆ. ಇದು ಹತ್ತಿಪ್ಪತ್ತು ಸೆಕೆಂಡು. ಮಡಚಿದ ಕಾಲು ಚಾಚಿದರೆ ಪಾದ ಎದುರಿನ ಗೋಡೆಗೆ ಒತ್ತುತ್ತದೆ, ಅದು ಅಲ್ಲಾಡುವುದಿಲ್ಲ. ಹಾಗಾಗಿ ಮೈಯ ಮೇಲರ್ಧ ಇಳಿಜಾರಿನ ಮೇಲೆ ಹಿಂದಕ್ಕೆ ಮೇಲಕ್ಕೆ ಜಾರಬೇಕು. ತಲೆ ನೀರಿನಿಂದ ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಎರಡನೆಯ ಹಂತದಲ್ಲಿ ಕೈಕಾಲು ಜರ್ಕು ಹೊಡೆದು ಬಡಿದುಕೊಳ್ಳುತ್ತವೆ, ಒಂದೆರಡು ನಿಮಿಷ. ಮೂರನೆಯದರಲ್ಲಿ ಎಲ್ಲ ಸಡಿಲ. ಆಗ ಮೈ ಕೆಳಗೆ ಜಾರಿ ಮುಖ ಮುಳುಗುವ ಸಾಧ್ಯತೆ ಇದೆ. ಆದರೆ ಕುಂಡೆ ತೊಟ್ಟಿಯ ತಳದಲ್ಲೂ ಪಾದ ಎದುರುಗೋಡೆಯಲ್ಲೂ ತಡೆಯುವುದರಿಂದ, ಹಾಗೆ ಜಾರಿದವಳ ಮೊಣಕಾಲು ಮಡಚಿ ಮೇಲೆದ್ದಿರಬೇಕು.

ಫ್ರೆಂಚ್ ಕಂಡದ್ದು ನೇರವಾಗಿ ಚಾಚಿದ ಕಾಲು, ನೀರಿನಿಂದ ಹೊರಗಿದ್ದ ಪಾದ, ನೀರಿನೊಳಗಿನ ತಲೆ. 170 ಸೆಂಟಿಮೀಟರ್ ದೇಹ 152 ಸೆಂಟಿಮೀಟರ್ ತೊಟ್ಟಿಯಲ್ಲಿ ಕಾಲು ಮಡಚದೆ ತಲೆ ಮುಳುಗುವಂತೆ ಮಲಗಬೇಕಾದರೆ ಕುಂಡೆ ಕಾಲಿನ ಕಡೆಗೆ ಜಾರಿ, ಕಾಲುಗಳು ಅಂಚಿನ ಮೇಲೆ ಏರಿರಬೇಕು. ಮೂರ್ಛೆ ಕಾಲನ್ನು ಕೆಳಕ್ಕೆ, ಮುಂದಕ್ಕೆ ಒತ್ತುತ್ತದೆ, ಎತ್ತುವುದಿಲ್ಲ. ಎತ್ತಿದ್ದು ಬೇರೆಯದೇ ಬಲ. ಈ ಲೆಕ್ಕಕ್ಕೆ ಸೂಕ್ಷ್ಮದರ್ಶಕ ಬೇಡ, ಅಳತೆ ಟೇಪು ಸಾಕು. ಇಡೀ ಪ್ರಕರಣದ ಅತ್ಯಂತ ಗಟ್ಟಿ ಸಾಕ್ಷ್ಯ ಇದೇ, ಮತ್ತು ಅದು 1912ರ ಜುಲೈ 13ರಂದೇ ಫ್ರೆಂಚ್ ಅವರ ಕಣ್ಣೆದುರು ಇತ್ತು.

ರೋಗದ ಇತಿಹಾಸವನ್ನೂ ತೂಗಿ ನೋಡಬೇಕು. ಮೂವತ್ತು ದಾಟಿದ ಹೆಂಗಸಿಗೆ, ಮನೆಯವರು ಯಾರೂ ಎಂದೂ ಕಂಡಿರದ ಮೂರ್ಛೆ, ವಿಲ್ ಬರೆದ ವಾರದಲ್ಲೇ ಮೊದಲ ಬಾರಿಗೆ, ಗಂಡನ ಕಣ್ಣಿಗೆ ಮಾತ್ರ ಕಾಣಿಸಿಕೊಂಡಿತು. ವಯಸ್ಕರಲ್ಲಿ ಹೊಸದಾಗಿ ಫಿಟ್ಸ್ ಬರುವುದೇ ಇಲ್ಲವೆಂದಲ್ಲ. ಗಡ್ಡೆ, ಹಳೆಯ ಪೆಟ್ಟು, ಸೋಂಕಿನಿಂದ ಬರುತ್ತದೆ. ಹಾಗಾಗಿಯೇ ಮಿದುಳನ್ನು ತೆರೆದು ನೋಡಬೇಕಿತ್ತು. ನಾಲಿಗೆಯನ್ನು ಅಡ್ಡಡ್ಡ ಬಿಲ್ಲೆಗಳಾಗಿ ಕುಯ್ದು ಒಳಗೆ ರಕ್ತ ಹೆಪ್ಪುಗಟ್ಟಿದೆಯೇ, ಅಂದರೆ ಕಚ್ಚಿಕೊಂಡಿದ್ದಳೇ ಎಂದು ನೋಡಬೇಕಿತ್ತು. ಕಚ್ಚಿದ ಗುರುತು ಸಿಕ್ಕರೆ ಅದಕ್ಕೆ ಬೆಲೆ ಇದೆ. ಸಿಗದಿದ್ದರೆ ಮೂರ್ಛೆ ಇರಲಿಲ್ಲ ಎಂದಾಗುವುದಿಲ್ಲ.

ಕೈಯಲ್ಲಿದ್ದ ಸೋಪು, ಚರ್ಮದ ಮೇಲಿನ ನವಿರು

ಸೋಪಿನ ಬಗ್ಗೆ ನ್ಯಾಯಾಲಯದಲ್ಲಿ ಸಾಕಷ್ಟು ಮಾತಾಯಿತು. ಸಾಮಾನ್ಯವಾಗಿ ಸತ್ತ ಕೂಡಲೇ ಸ್ನಾಯು ಸಡಿಲಗೊಂಡು ಕೈಯಲ್ಲಿದ್ದುದು ಬಿದ್ದುಹೋಗುತ್ತದೆ. ಮರಣದ ಬಿಗಿತ ಒಂದೆರಡು ಗಂಟೆ ಕಳೆದು ದವಡೆಯಲ್ಲಿ ಕಾಣಿಸಿ ಆಮೇಲೆ ಕೈಕಾಲಿಗೆ ಹರಡುತ್ತದೆ. ಹಾಗಿದ್ದೂ ಮುಷ್ಟಿ ಬಿಗಿಯಾಗಿಯೇ ಇದ್ದರೆ ಅದನ್ನು ಸಾವಿನ ಕ್ಷಣದ ಸೆಟೆತ ಎನ್ನುತ್ತಾರೆ: ಸಾಯುವಾಗ ಹಿಡಿದದ್ದು ಸಡಿಲವಾಗುವ ಹಂತವನ್ನೇ ದಾಟದೆ ಬಿಗಿದುಕೊಳ್ಳುವುದು. ಕೆರೆಯಲ್ಲಿ ಮುಳುಗಿದವರ ಮುಷ್ಟಿಯಲ್ಲಿ ಜೊಂಡು ಸಿಗುವುದು ಇದಕ್ಕೆ ಪಠ್ಯಪುಸ್ತಕದ ಉದಾಹರಣೆ. ವಾದ ಹೀಗೆ: ಮೂರ್ಛೆ ಬಂದಿದ್ದರೆ ಮೂರನೆಯ ಹಂತದ ಸಡಿಲಿಕೆಯಲ್ಲಿ ಸೋಪು ಜಾರಬೇಕಿತ್ತು. ಜಾರಲಿಲ್ಲ ಎಂದರೆ ಪ್ರಜ್ಞೆಯಲ್ಲಿದ್ದವಳು ತಟ್ಟನೆ ಸತ್ತಳು.

ವಾದ ಚೆನ್ನಾಗಿದೆ, ಆದರೆ ಅದರ ಮೇಲೆ ಹೆಚ್ಚು ಭಾರ ಹಾಕಬಾರದು. ಸಾವಿನ ಕ್ಷಣದ ಸೆಟೆತ ಬಲು ಅಪರೂಪ. ಅದು ಸ್ವತಂತ್ರ ವಿದ್ಯಮಾನವೇ ಎಂದು ಸಂಶಯಪಡುವವರೂ ಈ ಶಾಸ್ತ್ರದೊಳಗೇ ಇದ್ದಾರೆ. ಬೆರಳು ಮಡಚಿದ ಅಂಗೈ ತೊಟ್ಟಿಯ ಅಂಚಿಗೂ ಮೈಗೂ ನಡುವೆ ಸಿಕ್ಕಿದ್ದರೆ ಸೋಪು ಸುಮ್ಮನೆ ಅಲ್ಲೇ ಉಳಿಯಬಲ್ಲದು. ನವಿರಿನ ಕತೆ ಇನ್ನೂ ದುರ್ಬಲ. ರೋಮದ ಬುಡದ ಸಣ್ಣ ಸ್ನಾಯುಗಳಿಗೂ ಮರಣದ ಬಿಗಿತ ಬರುತ್ತದೆ. ಆದ್ದರಿಂದ ಹಾಸಿಗೆಯಲ್ಲಿ ಸತ್ತವರ ಚರ್ಮದ ಮೇಲೂ ಅದು ಕಾಣುತ್ತದೆ. ತಟ್ಟನೆ ಬಂದ ಸಾವಿನಲ್ಲಿ, ಅದರಲ್ಲೂ ಮುಳುಗಿದಾಗ ಹೆಚ್ಚು ಕಾಣುತ್ತದೆ ಎಂಬ ಅಂದಿನ ಮಾತನ್ನು ಇಂದು ಯಾರೂ ವರದಿಯಲ್ಲಿ ಕಾರಣವಾಗಿ ಬರೆಯುವುದಿಲ್ಲ. ಸ್ಪಿಲ್ಸ್‌ಬರಿಯವರ ಖಚಿತ ದನಿ ಜ್ಯೂರಿಯನ್ನು ಎಷ್ಟು ಒಲಿಸುತ್ತಿತ್ತೋ, ಮುಂದಿನ ತಲೆಮಾರಿನ ರೋಗಶಾಸ್ತ್ರಜ್ಞರು ಅದೇ ದನಿಯನ್ನು ಅಷ್ಟೇ ಕಟುವಾಗಿ ಟೀಕಿಸಿದ್ದಾರೆ.

ಹೋರಾಟದ ಗುರುತೇ ಇಲ್ಲವಲ್ಲ

ಸ್ಮಿತ್ ಪರ ವಕೀಲ ಎಡ್ವರ್ಡ್ ಮಾರ್ಷಲ್ ಹಾಲ್ ಸಾಮಾನ್ಯದವರಲ್ಲ. ಅವರ ಕೈಯಲ್ಲಿದ್ದ ಗಟ್ಟಿ ಅಸ್ತ್ರ ಇದು: ಬದುಕಿರುವ, ಗಟ್ಟಿಮುಟ್ಟಾದ ಹೆಂಗಸನ್ನು ನೀರಿನಲ್ಲಿ ಅದುಮಿದರೆ ಒದ್ದಾಡುವುದಿಲ್ಲವೇ, ಪರಚುವುದಿಲ್ಲವೇ? ಕುತ್ತಿಗೆ, ಭುಜ, ತೋಳಿನ ಮೇಲೆ ಬೆರಳಚ್ಚಿನ ಕಂದುಗಾಯ ಎಲ್ಲಿ? ಬೆಸ್ಸಿಯ ಮೈಮೇಲೆ ಒಂದೂ ಇಲ್ಲ. ಲಾಫ್ಟಿಯ ಮೊಣಕೈಯದು ಎಲ್ಲಾದರೂ ತಗಲಿದ್ದಿರಬಹುದು.

ಉತ್ತರ ಬಂದದ್ದು ಪ್ರಯೋಗದಿಂದ. ನೀಲ್ ತೊಟ್ಟಿಗಳನ್ನು ಪೊಲೀಸ್ ಠಾಣೆಗೆ ತರಿಸಿ, ನೀರಿನ ಅಭ್ಯಾಸವಿದ್ದ ಒಬ್ಬ ಈಜುಗಾರ್ತಿಯನ್ನು ಒಪ್ಪಿಸಿ ಕೂರಿಸಿದರು. ಭುಜ ಹಿಡಿದು, ತಲೆ ಹಿಡಿದು ಅದುಮಿದಾಗ ಆಕೆ ಸಲೀಸಾಗಿ ಎದುರಿಸಿದಳು. ಕೊನೆಗೆ ಎಚ್ಚರಿಕೆ ಕೊಡದೆ ಎರಡೂ ಕಾಲನ್ನು ಹಿಡಿದು ಮೇಲಕ್ಕೆಳೆದಾಗ ತಲೆ ನೀರಿನೊಳಗೆ ಜಾರಿತು. ಒದ್ದಾಟವೇ ಇಲ್ಲದೆ ಆಕೆ ನಿಶ್ಚೇಷ್ಟಳಾದಳು. ಹೊರಗೆತ್ತಿ ಎಚ್ಚರಿಸಲು ಸುಮಾರು ಅರ್ಧ ಗಂಟೆ ಬೇಕಾಯಿತು ಎಂದು ಹೇಳುತ್ತಾರೆ. ಇಂದು ಯಾವ ನೈತಿಕ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡದು, ಕೊಡಲೂಬಾರದು.

ಹೀಗಾಗುವುದೇಕೆ? ಕಾಲು ಮೇಲೆದ್ದಾಗ ಕೈಗೆ ಆಧಾರ ತಪ್ಪುತ್ತದೆ. ತೊಟ್ಟಿಯ ಅಂಚು ಜಾರು, ಮೈಗೆ ಸೋಪು. ಏಳಲು ಬೇಕಾದ್ದು ಹೊಟ್ಟೆಯ ಸ್ನಾಯು ಮತ್ತು ಕಾಲಿನ ಒತ್ತು. ಕಾಲು ಬೇರೆಯವರ ಕೈಯಲ್ಲಿದೆ. ಉಸಿರು ಎಳೆಯುವ ಮುನ್ನವೇ ಮೂಗಿನ ಹಿಂಭಾಗಕ್ಕೂ ಗಂಟಲಿಗೂ ನೀರು ರಭಸದಿಂದ ನುಗ್ಗುತ್ತದೆ. ಗಂಟಲಿನ ಒಳಪೊರೆ ತೀರಾ ಸೂಕ್ಷ್ಮ. ಅಲ್ಲಿನ ಪ್ರಚೋದನೆ ವೇಗಸ್ ನರದ ಮೂಲಕ ಹೃದಯವನ್ನು ಒಮ್ಮೆಲೇ ನಿಧಾನಗೊಳಿಸಬಲ್ಲದು, ಕೆಲವರಲ್ಲಿ ನಿಲ್ಲಿಸಬಲ್ಲದು. ಹೀಗೆ ಸತ್ತವರಲ್ಲಿ ನೊರೆಯೂ ಇರದು, ಶ್ವಾಸಕೋಶವೂ ಉಬ್ಬಿರದು. ಶವಪರೀಕ್ಷೆಯ ಮೇಜಿನ ಮೇಲೆ ಏನೂ ಸಿಗುವುದಿಲ್ಲ. ಕಣಕಾಲಿನ ಸುತ್ತ ಒದ್ದೆ ಚರ್ಮದ ಮೇಲೆ ಅಗಲ ಹಿಡಿತ, ಅದೂ ಕೆಲವೇ ಸೆಕೆಂಡು. ಕಂದುಗಾಯ ಬೀಳಲು ರಕ್ತನಾಳ ಒಡೆಯಬೇಕು, ಒಡೆದ ಮೇಲೂ ರಕ್ತದೊತ್ತಡ ಉಳಿದಿರಬೇಕು. ಹೃದಯ ನಿಂತ ಮೇಲೆ ಕಂದು ಹರಡುವುದಿಲ್ಲ.

ಲಾಫ್ಟಿಯ ಸಾವಿನ ರಾತ್ರಿ ಕೆಳಗಿದ್ದ ಮನೆಯೊಡತಿ ನೀರು ಚಿಮ್ಮಿದ ಸದ್ದು, ಒದ್ದೆ ಕೈ ತೊಟ್ಟಿಯ ಬದಿಗೆ ಉಜ್ಜಿದಂತೆ ಒಂದು ಸದ್ದು, ಆಮೇಲೆ ಒಂದು ನಿಟ್ಟುಸಿರು ಕೇಳಿದ್ದಾಗಿ ಹೇಳಿದಳು. ಅಷ್ಟೇ. ಕೂಗಿಲ್ಲ. ಸ್ವಲ್ಪ ಹೊತ್ತಿಗೆ ಗಂಡ ಹಾರ್ಮೋನಿಯಂ ನುಡಿಸುವುದು ಕೇಳಿಸಿತು.

ಏನೂ ಸಿಗದಿರುವುದು ಕೊಲೆಗೆ ಸಾಕ್ಷ್ಯವಾಗುವುದಿಲ್ಲ, ಆಕಸ್ಮಿಕಕ್ಕೂ ಆಗುವುದಿಲ್ಲ. ಗಾಯವಿಲ್ಲದ ಶವ ಎರಡು ಕತೆಗೂ ಸಮಾನವಾಗಿ ಹೊಂದಿದರೆ, ಬಗೆಹರಿಸಬೇಕಾದದ್ದು ಮೈಯ ಹೊರಗಿನ ಸಂಗತಿ. ಇಲ್ಲಿ ಅದು ಎರಡು: ತೊಟ್ಟಿಯ ಉದ್ದ, ಮತ್ತು ಒಂದೇ ಗಂಡನ ಮೂವರು ಹೆಂಡಿರು. ಎರಡನೆಯದನ್ನು ಜ್ಯೂರಿಯ ಮುಂದಿಡಬಹುದೇ ಎಂಬುದರ ಮೇಲೆ ದೊಡ್ಡ ಚರ್ಚೆಯಾಯಿತು, ಏಕೆಂದರೆ ಸ್ಮಿತ್ ಮೇಲೆ ವಿಚಾರಣೆ ನಡೆದದ್ದು ಬೆಸ್ಸಿಯ ಕೊಲೆಗೆ ಮಾತ್ರ. ನ್ಯಾಯಮೂರ್ತಿ ಸ್ಕ್ರಟನ್ ಅನುಮತಿ ಕೊಟ್ಟರು. ನಮ್ಮಲ್ಲಿ ಈ ಪ್ರಶ್ನೆಗೆ 1872ರಲ್ಲೇ ಉತ್ತರ ಬರೆದಿಟ್ಟಿದ್ದರು ಎಂಬುದು ಕುತೂಹಲದ ಸಂಗತಿ. ಭಾರತೀಯ ಸಾಕ್ಷ್ಯ ಅಧಿನಿಯಮದ 15ನೇ ಕಲಮು (ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ 13) ಕೃತ್ಯ ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂದು ತಿಳಿಯಲು ಅಂಥದೇ ಹಿಂದಿನ ಘಟನೆಗಳನ್ನು ನೋಡಬಹುದು ಎನ್ನುತ್ತದೆ. ಅದು ಕೊಡುವ ಮೊದಲ ಉದಾಹರಣೆಯೇ ವಿಮೆಯದು: ಒಬ್ಬ ಒಂದಾದ ಮೇಲೊಂದು ಮನೆಯಲ್ಲಿ ವಾಸಿಸಿ, ಪ್ರತಿಯೊಂದಕ್ಕೂ ವಿಮೆ ಮಾಡಿಸಿ, ಪ್ರತಿಯೊಂದಕ್ಕೂ ಬೆಂಕಿ ಬಿದ್ದು ಹಣ ಪಡೆದದ್ದು.

ಇದೇ ಶವ ಇಂದು ಕರ್ನಾಟಕದ ಶವಾಗಾರಕ್ಕೆ ಬಂದರೆ

ಮೊದಲ ವ್ಯತ್ಯಾಸ ಕಾಗದದಲ್ಲೇ ಶುರು. ಮೂವರೂ ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಂಗಸರು. ಸಂಶಯಕ್ಕೆ ಎಡೆಯಿದ್ದರೆ ಅಥವಾ ಸಂಬಂಧಿಕರು ಕೇಳಿದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ರ ಪ್ರಕಾರ ಶವವನ್ನು ವೈದ್ಯರಿಗೆ ಕಳಿಸಲೇಬೇಕು. ರೂಢಿಯಲ್ಲಿ ತಹಶೀಲ್ದಾರರೇ ಬಂದು ಶವ ಪಂಚನಾಮೆ ಮಾಡುತ್ತಾರೆ. ಶವಪರೀಕ್ಷೆಯಿಲ್ಲದೆ ಹೂಳುವ ಮಾತೇ ಬರುವುದಿಲ್ಲ.

ಬಚ್ಚಲಿನಲ್ಲಿ ಸತ್ತವರು ಎಂದ ಕೂಡಲೇ ಬೆಂಗಳೂರಿನಂಥ ಊರಿನಲ್ಲಿ ಮೊದಲು ಕೇಳಬೇಕಾದದ್ದು ಗ್ಯಾಸ್ ಗೀಸರ್ ಇತ್ತೇ ಎಂದು. ಗಾಳಿಕಿಂಡಿಯಿಲ್ಲದ ಚಿಕ್ಕ ಬಚ್ಚಲಿನಲ್ಲಿ ಎಲ್‌ಪಿಜಿ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಮೈಯಲ್ಲಿ ಕೆಳಗಿಳಿದ ರಕ್ತದ ಕಲೆ ನೇರಳೆಯ ಬದಲು ಚೆರ್ರಿ ಕೆಂಪು. ಕಪ್ಪು ಮೈಬಣ್ಣದವರಲ್ಲಿ ಅದು ಕಣ್ತಪ್ಪುತ್ತದೆ. ಉಗುರಿನ ಬುಡ, ತುಟಿಯ ಒಳಭಾಗ, ಎದೆಯ ಸ್ನಾಯು ನೋಡಬೇಕು. ಕೆಲವು ಹನಿ ರಕ್ತವನ್ನು 10 ಮಿ.ಲೀ. ನೀರಿನಲ್ಲಿ ಬೆರೆಸಿ ಶೇ 10ರ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಸಾಮಾನ್ಯ ರಕ್ತ ಕಂದುಹಸಿರಾಗುತ್ತದೆ, ಮಾನಾಕ್ಸೈಡ್ ಕೂಡಿದ್ದು ಗುಲಾಬಿಯಾಗಿಯೇ ಉಳಿಯುತ್ತದೆ. ಇದು ಸೂಚನೆ ಮಾತ್ರ, ಅಳತೆ ಎಫ್‌ಎಸ್‌ಎಲ್‌ನಿಂದ (ವಿಧಿವಿಜ್ಞಾನ ಪ್ರಯೋಗಾಲಯ) ಬರಬೇಕು. ಆ ಮಾದರಿಯ ಬಾಟಲಿಯನ್ನು ಗಾಳಿಗೆ ಜಾಗವಿಲ್ಲದಂತೆ ಬಾಯಿತನಕ ತುಂಬಿಸಬೇಕು.

ಎರಡನೆಯದು ನಮ್ಮದೇ ವಿಶೇಷ. ಬಿಸಿನೀರಿನ ಮೂರ್ಛೆ, ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್, ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ನಿಮ್ಹಾನ್ಸ್‌ನಲ್ಲಿ ಇದರ ಅಧ್ಯಯನ ದಶಕಗಳಿಂದ ನಡೆದಿದೆ. ಹಾಗಾಗಿ ಇಲ್ಲಿ ಗಂಡನಾದವನು ಸ್ನಾನ ಮಾಡುವಾಗ ಫಿಟ್ಸ್ ಬಂತು ಎಂದರೆ ಅದು ಹರ್ನ್ ಬೇಯಲ್ಲಿ ಇದ್ದುದಕ್ಕಿಂತ ಹೆಚ್ಚು ನಂಬುವಂತಿರುತ್ತದೆ. ಆದರೆ ಅದನ್ನು ಪರಿಶೀಲಿಸಲು ದಾರಿಗಳಿವೆ. ಚಿಕ್ಕಂದಿನಿಂದ ತಲೆ ಸ್ನಾನದ ದಿನ ಕಣ್ಣು ತೇಲಿಸುತ್ತಿದ್ದಳೇ ಎಂದು ತವರಿನವರನ್ನು, ಗಂಡನ ಮನೆಯವರಿಲ್ಲದಾಗ, ಕೇಳಬೇಕು. ಹಳೆಯ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಔಷಧಿ ಚೀಟಿ ಇದೆಯೇ ನೋಡಬೇಕು. ಬಕೆಟ್ಟು ಚೊಂಬಿನ ಸ್ನಾನದಲ್ಲಿ ಫಿಟ್ಸ್ ಬಂದವರು ಬಿದ್ದು ಪೆಟ್ಟು ಮಾಡಿಕೊಳ್ಳಬಹುದು, ಸುಡಿಸಿಕೊಳ್ಳಬಹುದು, ಮುಳುಗಿ ಸಾಯುವುದು ವಿರಳ. ತಲೆ ಬಕೆಟ್ಟಿನೊಳಗೆ ಬಿದ್ದು ಸಿಕ್ಕಿಕೊಂಡಿರಬೇಕು.

ಮೇಜಿನ ಮೇಲಿನ ಕೆಲಸದಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ತಲೆಬುರುಡೆ ಮತ್ತು ಎದೆ ತೆರೆದು ಕುತ್ತಿಗೆಯ ರಕ್ತವನ್ನು ಬಸಿದುಹೋಗಲು ಬಿಡಬೇಕು, ಆಮೇಲೆ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಬೇಕು. ಉಲ್ಟಾ ಮಾಡಿದರೆ ಕುಯ್ದ ರಕ್ತನಾಳದಿಂದ ಒಸರಿದ ರಕ್ತ ಸ್ನಾಯುಗಳ ನಡುವೆ ಸೇರಿ, ಕತ್ತು ಹಿಚುಕಿದ ಗಾಯದಂತೆಯೇ ಕಾಣುತ್ತದೆ. ಹೀಗೆ ಕೈತಪ್ಪಿನಿಂದ ಹುಟ್ಟಿದ ರಕ್ತದ ಕಲೆ ಅಮಾಯಕರನ್ನು ಜೈಲಿಗೆ ಕಳಿಸಬಲ್ಲದು. ಹರ್ನ್ ಬೇಯಂಥ ಸಂದೇಹವಿದ್ದಾಗ ಬೆನ್ನು, ಭುಜ, ಕಂಕುಳು, ತೊಡೆ, ಮೀನಖಂಡ, ಕಣಕಾಲುಗಳ ಚರ್ಮವನ್ನು ಉದ್ದಕ್ಕೆ ಸೀಳಿ ಬಿಡಿಸಿ ಕೊಬ್ಬು ಮತ್ತು ಸ್ನಾಯುವಿನೊಳಗಿನ ಕಂದನ್ನು ಹುಡುಕಬೇಕು. ಹೊರಗೆ ಏನೂ ಕಾಣದ ಕಡೆ ಒಳಗೆ ಸಿಗುವುದುಂಟು. ಸಾಧ್ಯವಿದ್ದರೆ 24 ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕು, ರಕ್ತ ಬಸಿದ ಮೇಲೆ ಚರ್ಮದ ಕಂದು ಹೆಚ್ಚು ಎದ್ದು ಕಾಣುತ್ತದೆ. ಅಂತ್ಯಕ್ರಿಯೆಗೆ ಕಾದು ಕೂತ ಮನೆಯವರು ಹೊರಗಿರುವಾಗ ಹೀಗೆ ಮಾಡುವುದು ಕಷ್ಟ, ಅದಕ್ಕೇ ಹೆಚ್ಚಿನ ಕಡೆ ಇದು ತಪ್ಪಿಹೋಗುತ್ತದೆ.

ಮಾದರಿಗಳಲ್ಲಿ ತೊಡೆಯ ರಕ್ತನಾಳದಿಂದ 10 ಮಿ.ಲೀ. ರಕ್ತ, ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. ಸೋಡಿಯಂ ಫ್ಲೋರೈಡ್ ಹಾಕಿ. ಜಠರ ಮತ್ತು ಅದರಲ್ಲಿದ್ದದ್ದು, ಸಣ್ಣಕರುಳಿನ 30 ಸೆಂ.ಮೀ., ಯಕೃತ್ತಿನ ತುಂಡು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಇವು ಗಾಢ ಉಪ್ಪಿನ ದ್ರಾವಣದಲ್ಲಿ. ಬ್ರೋಮೈಡ್‌ನ ಬದಲು ಇಂದು ಹುಡುಕುವುದು ಫೆನಿಟಾಯಿನ್, ವಾಲ್ಪ್ರೊಯೇಟ್‌ನಂಥ ಫಿಟ್ಸ್‌ನ ಔಷಧಿಗಳನ್ನು. ಜತೆಗೆ ನಿದ್ರೆಯ ಔಷಧಿ, ಮದ್ಯ. ಮಿದುಳನ್ನು ಇಡಿಯಾಗಿ ಶೇ 10ರ ಫಾರ್ಮಲಿನ್‌ನಲ್ಲಿ ಎರಡು ವಾರ ಗಟ್ಟಿ ಮಾಡಿ ಅದರ ಒಳಭಾಗವಾದ ಹಿಪೊಕ್ಯಾಂಪಸ್ ನೋಡಬೇಕು. ಹೃದಯವನ್ನು ತೂಗಿ, ಕವಾಟ ಮತ್ತು ಕೊರೊನರಿ ನಾಳಗಳನ್ನು ತೆರೆದು, ಅಂಗಾಂಶ ಕಳಿಸಬೇಕು. ನೀರಿನಲ್ಲಿದ್ದಾಗಲೇ ಲಯ ತಪ್ಪಿಸುವ ಲಾಂಗ್ ಕ್ಯೂಟಿಯಂಥ ವಂಶಪಾರಂಪರ್ಯ ದೋಷ ಹೃದಯದ ರಚನೆಯಲ್ಲಿ ಕಾಣುವುದೇ ಇಲ್ಲ, ವಂಶವಾಹಿ ಪರೀಕ್ಷೆಗೆ ರಕ್ತ ಎತ್ತಿಡಬೇಕು. ಡಯಾಟಮ್ (ನೀರಿನಲ್ಲಿರುವ ಸೂಕ್ಷ್ಮ ಪಾಚಿ) ಪರೀಕ್ಷೆಗೆ ಮೂಳೆಮಜ್ಜೆ ಕಳಿಸುವ ರೂಢಿ ಇದೆ. ಬಾವಿ ಕೆರೆಗೆ ಅದು ಉಪಯೋಗ, ಶುದ್ಧೀಕರಿಸಿದ ನಲ್ಲಿ ನೀರಿನಲ್ಲಿ ಆ ಪಾಚಿಕಣಗಳೇ ಕಡಿಮೆ, ಸಿಗಲಿಲ್ಲ ಎಂದರೆ ಮುಳುಗಲಿಲ್ಲ ಎಂದು ಅರ್ಥವಲ್ಲ. ಆದರೂ ತೊಟ್ಟಿಯ ನೀರನ್ನು ಒಂದು ಲೀಟರ್ ತೆಗೆದಿಡಬೇಕು, ಮನೆಯವರು ಅದನ್ನು ಚೆಲ್ಲುವ ಮುಂಚೆ.

ಅಭಿಪ್ರಾಯ ಬರೆಯುವಾಗ ಎಫ್‌ಎಸ್‌ಎಲ್ ಮತ್ತು ಅಂಗಾಂಶ ವರದಿ ಬರುವವರೆಗೆ ಕಾಯ್ದಿರಿಸಲಾಗಿದೆ ಎನ್ನುವುದು ನುಣುಚಿಕೊಳ್ಳುವುದಲ್ಲ. ಕೊನೆಯ ಅಭಿಪ್ರಾಯ ಹೀಗಿರಬಹುದು: ಸಾವು ನೀರಿನಲ್ಲಿ ಮುಳುಗಿದ್ದರಿಂದ ಸಂಭವಿಸಿರುವುದಕ್ಕೆ ಕಂಡ ಸಂಗತಿಗಳು ಹೊಂದುತ್ತವೆ, ಮುಳುಗಲು ಕಾರಣವಾಗಬಲ್ಲ ರೋಗ, ವಿಷ, ಗಾಯ ಕಂಡುಬಂದಿಲ್ಲ, ಶವ ಸಿಕ್ಕ ಭಂಗಿ ಹೇಳಲಾದ ಮೂರ್ಛೆಯ ಘಟನಾಕ್ರಮಕ್ಕೆ ಹೊಂದುವುದಿಲ್ಲ. ಮೂರನೆಯ ವಾಕ್ಯ ಬರೆಯಬೇಕಾದರೆ ಪಂಚನಾಮೆಯಲ್ಲಿ ತೊಟ್ಟಿಯ ಉದ್ದ, ಅಗಲ, ಆಳ, ಇಳಿಜಾರು, ನೀರಿನ ಮಟ್ಟ, ತಲೆ ಯಾವ ತುದಿಗಿತ್ತು, ಕಾಲು ಹೇಗಿತ್ತು, ಚಿಲಕ ಒಳಗಿತ್ತೇ ಎಂಬುದೆಲ್ಲ ಇರಬೇಕು. ಶವವನ್ನು ಹಾಲ್‌ಗೆ ತಂದು ಮಲಗಿಸಿದ ಮೇಲೆ ಬರೆದ ಪಂಚನಾಮೆಯಲ್ಲಿ ಇವು ಯಾವುವೂ ಇರುವುದಿಲ್ಲ.

1915ರ ಜೂನ್ 22ರಂದು ಲಂಡನ್ನಿನ ಓಲ್ಡ್ ಬೈಲಿಯಲ್ಲಿ ವಿಚಾರಣೆ ಶುರುವಾದಾಗ ಮೂರೂ ತೊಟ್ಟಿಗಳನ್ನು ನ್ಯಾಯಾಲಯಕ್ಕೆ ಹೊತ್ತು ತಂದಿದ್ದರು. ಜುಲೈ 1ರಂದು ಜ್ಯೂರಿ ಒಳಗೆ ಹೋಗಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಅಪರಾಧಿ ಎಂದು ಹೇಳಿ ಬಂದರು. ಆಗಸ್ಟ್ 13ರಂದು ಮೇಡ್‌ಸ್ಟನ್ ಜೈಲಿನಲ್ಲಿ ಸ್ಮಿತ್‌ನನ್ನು ಗಲ್ಲಿಗೇರಿಸಲಾಯಿತು.